ಬಂಗಡೆ ದಿನದ ಗುಳಿಗೆ

ಮಕ್ಕಳ ಎದುರಿಗೇ ಡಾಕ್ಟರ್ ಕೈಲಿ ಬೈಸಿಕೊಂಡಿದ್ದೀರಾ? ಅದೂ ಹೊರಗೆ ಬೆಂಚಿನ ಮೇಲೆ ಕೂತವರಿಗೆಲ್ಲ ಕೇಳಿಸುವಷ್ಟು ದೊಡ್ಡ ದನಿಯಲ್ಲಿ?

ಹೌದು ಅನ್ನುವವರು ಸ್ವಲ್ಪ ಪಕ್ಕಕ್ಕೆ ಸರಿದು ನನಗೂ ಜಾಗ ಕೊಡಿ. ಕಳೆದ ಬುಧವಾರ ನಾನೂ ನಿಮ್ಮ ಸಾಲಿಗೆ ಸೇರಿದೆ.

ಮೊದಲು ವಿಷಯ ಹೇಳುತ್ತೇನೆ. ನನ್ನ ಮಗಳು ಶ್ರಾವಣಿ ಫಸ್ಟ್ ಪಿಯುಸಿ. ಮಳೆಗಾಲ ಶುರುವಾಗುವ ಹೊತ್ತಿಗೆ ಅವಳಿಗೆ ಫಿಟ್ಸ್ ಬಂತು. ಕಾರವಾರದ ಡಾಕ್ಟರು ಗುಳಿಗೆ ಬರೆದುಕೊಟ್ಟರು. ದಿನಾ ರಾತ್ರಿ, ಊಟವಾದ ಮೇಲೆ, ಒಂದು. ಅಷ್ಟೇ. ಮಳೆಗಾಲ ಪೂರ್ತಿ ಹುಡುಗಿ ಗಟ್ಟಿಮುಟ್ಟಾಗಿದ್ದಳು. ಚೌತಿ ಮುಗಿಯಿತು. ಮನೆಯಲ್ಲಿ ಎಲ್ಲರಿಗೂ ಆ ಭಯ ಮರೆತೇ ಹೋಗಿತ್ತು.

ಆಮೇಲೆ ಒಂದು ಭಾನುವಾರ ಬೆಳಿಗ್ಗೆ ಬಾವಿಯಿಂದ ನೀರು ಸೇದುತ್ತಿದ್ದವಳು ಹಗ್ಗ ಹಿಡಿದುಕೊಂಡೇ ಸೆಟೆದುಕೊಂಡಳು. ಪಕ್ಕದಲ್ಲೇ ನನ್ನ ಅತ್ತೆ ಮೀನು ತೊಳೆಯುತ್ತಿದ್ದರು. ಅದೇ ಕೈಯಲ್ಲಿ ಅವಳ ಜಡೆ ಹಿಡಿದು ಹಿಂದಕ್ಕೆ ಎಳೆದುಕೊಂಡರು. ನಾನು ಒಳಗಿನಿಂದ ಓಡಿ ಬರುವಷ್ಟರಲ್ಲಿ ಇಬ್ಬರೂ ನೆಲದ ಮೇಲಿದ್ದರು. ಕೊಡಪಾನ ಬಾವಿಯೊಳಗಿತ್ತು.

ಕೊಡಪಾನ ಮಾತ್ರ ಅಂತ ಈಗಲೂ ನನಗೆ ನಾನೇ ಹೇಳಿಕೊಳ್ಳುತ್ತೇನೆ.

ಡಾಕ್ಟರು ರಕ್ತ ಪರೀಕ್ಷೆಗೆ ಕಳಿಸಿದರು. ಬುಧವಾರ ರಿಪೋರ್ಟ್ ಬಂತು. ಅದನ್ನು ನೋಡಿದವರೇ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. (ಡಾಕ್ಟರು ಕನ್ನಡಕ ತೆಗೆದರೆ ನಮ್ಮ ಕಥೆ ಮುಗಿಯಿತು ಅಂತಲೇ ಅರ್ಥ.)

"ಇವಳು ಗುಳಿಗೆ ತಗೊಳ್ತಾ ಇಲ್ಲ."

"ದಿನಾ ತಗೊಳ್ತಾಳೆ ಡಾಕ್ಟ್ರೇ."

"ನೀವು ಕಣ್ಣಾರೆ ನೋಡ್ತೀರಾ?"

ನಾನು ಅಂಕೋಲೆಯಲ್ಲಿ ಬಟ್ಟೆ ಅಂಗಡಿಯಲ್ಲಿ ಕೆಲಸ ಮಾಡುವವಳು. ಹಾರವಾಡದ ಮನೆ ಮುಟ್ಟುವಾಗ ಅಜ್ಜಿ ಮೊಮ್ಮಗಳದ್ದು ಊಟ ಮುಗಿದಿರುತ್ತದೆ. ಗಂಡ ಗೋವಾದ ಹೋಟೆಲಿನಲ್ಲಿ. ಹದಿನಾರು ವರ್ಷದ ಹುಡುಗಿ, ಗುಳಿಗೆ ಡಬ್ಬಿ ಅವಳ ಕೈಲೇ ಇರಲಿ, ಜವಾಬ್ದಾರಿ ಬರಲಿ ಅಂದುಕೊಂಡಿದ್ದೆ. ಹಾಗಂತಲೇ ಹೇಳಿದೆ.

"ಜವಾಬ್ದಾರಿ!" ಡಾಕ್ಟರು ನಕ್ಕರು. ಒಳ್ಳೆಯ ನಗುವಲ್ಲ. "ಅರ್ಧಕ್ಕರ್ಧ ಔಷಧಿ ಹೊಟ್ಟೆಗೇ ಹೋಗ್ಲಿಲ್ಲ ಇಲ್ಲಿ. ಮುಂದಿನ ಸಲ ಬಾವಿ ಹತ್ರ ಹಿಡೀಲಿಕ್ಕೆ ಯಾರೂ ಇಲ್ದಿದ್ರೆ? ಆಗ ಯಾರ ಜವಾಬ್ದಾರಿ? ತಾಯಿ ಅಲ್ವೇನ್ರೀ ನೀವು?"

ಶ್ರಾವಣಿ ಮಧ್ಯೆ ಬಾಯಿ ಹಾಕಿದಳು. "ನಾ ಸರಿಯಾಗೇ ತಗೊಂಡಿದ್ದೇನೆ ಸರ್. ಪಥ್ಯ ಸೈತ ಮಾಡಿದ್ದೇನೆ."

"ನಾ ಕೇಳಿದ್ದು ಪಥ್ಯ ಅಲ್ಲ, ಗುಳಿಗೆ," ಅಂದರು ಡಾಕ್ಟರು, ಬರೆಯುತ್ತಲೇ. "ಹದಿನೈದು ದಿನ ಬಿಟ್ಟು ಮತ್ತೆ ರಕ್ತ ನೋಡ್ವ. ಹೀಗೇ ಇದ್ರೆ ಅಡ್ಮಿಟ್ ಮಾಡ್ಬೇಕಾಗ್ತದೆ. ಇವತ್ತಿನದನ್ನು ಮನೆಗೆ ಹೋಗಿ ಊಟ ಹಾಕಿ, ನಿಮ್ಮ ಕಣ್ಣೆದುರೇ ನುಂಗ್ಸಿ. ನಾಳೆಯಿಂದ ಮೊದಲಿನ ಹಾಗೇ ರಾತ್ರಿ. ತಪ್ಪಿದ್ದಕ್ಕೆಲ್ಲ ಸೇರಿಸಿ ಎರಡೆರಡು ಕೊಡ್ಲಿಕ್ಕೆ ಹೋಗ್ಬೇಡಿ ಮತ್ತೆ."

ಹೊರಗೆ ಬಂದೆ. ಬೆಂಚಿನ ಮೇಲಿದ್ದವರೆಲ್ಲ ಒಮ್ಮೆಲೇ ಮೊಬೈಲ್ ನೋಡತೊಡಗಿದರು. ಪಾಪ, ಮರ್ಯಾದಸ್ಥರು.

ಬಸ್ಸಿನಲ್ಲಿ ಕೂತ ಮೇಲೆ ನನ್ನ ತಲೆ ಓಡಿತು ನೋಡಿ. ಮಳೆಗಾಲದಲ್ಲಿ ಸರಿಯಿದ್ದವಳು ಚೌತಿಯ ನಂತರ ಯಾಕೆ ಹೀಗಾದಳು? ಚೌತಿಗೆ ಏನಾಯಿತು? ಅವಳಪ್ಪ ಹೊಸ ಫೋನ್ ತಂದುಕೊಟ್ಟರು! ಸಿಕ್ಕಿತಲ್ಲ ಕಳ್ಳ!

"ಕೊಡು ಇಲ್ಲಿ ಫೋನು."

"ಎಂತಕ್ಕೆ?"

"ಅದ್ರಲ್ಲಿ ಮುಖ ಹುಗಿಸ್ಕಂಡು ಕೂತ್ರೆ ಗುಳಿಗೆ ಎಲ್ಲಿ ನೆನಪಾಗ್ತದೆ ನಿಂಗೆ?"

"ದೇವರಾಣೆ ಆಯಿ, ನಾ ತಪ್ಪಿಸ್ಲಿಲ್ಲ."

"ಹಂಗಾರೆ ರಕ್ತ ಸುಳ್ಳು ಹೇಳ್ತದನೇ?"

"ಸರಿ, ರಕ್ತವನ್ನೇ ನಂಬು ನೀನು." ಅಷ್ಟು ಹೇಳಿ, ಫೋನು ನನ್ನ ಮಡಿಲಿಗೆ ಹಾಕಿ ಕಿಟಕಿಯ ಕಡೆ ತಿರುಗಿದವಳು ಅಮದಳ್ಳಿ ದಾಟಿದರೂ ಈ ಕಡೆ ನೋಡಲಿಲ್ಲ. ಅಳುತ್ತಿದ್ದಳು. ನನಗೆ ಗೊತ್ತಾಯಿತು. ಆದರೂ ಮಾತಾಡಿಸಲಿಲ್ಲ.

ಆಗಲೇ ಅಂಗಡಿಯ ಗೆಳತಿ ಲತಾಳ ಫೋನು. ಅವಳು ಸಮಾಧಾನ ಮಾಡುವ ರೀತಿ ಕೇಳಿ: "ಈ ವಯಸ್ಸಿನ ಹುಡುಗೀರು ದಪ್ಪ ಆಗ್ತೇವೆ ಅಂತ ಗುಳಿಗೆ ಎಸೀತಾರೆ ಮಾರಾಯ್ತಿ. ಕಸದ ಬುಟ್ಟಿ ನೋಡು. ಮನಸ್ಸಿಗೆ ಎಂತದಾದ್ರೂ ಹಚ್ಕಂಡಿದ್ದಾಳೋ ಅದನ್ನೂ ನೋಡು. ಕಾಲ ಸರಿ ಇಲ್ಲ."

ಮನಸ್ಸಿಗೆ ಹಚ್ಚಿಕೊಂಡಿದ್ದಾಳಾ? ಬೇಕು ಅಂತಲೇ ಬಿಡುತ್ತಿದ್ದಾಳಾ? ಬೇಕು ಅಂತಲೇ ಬಾವಿಯ ಹತ್ತಿರ ಹೋದಳಾ? ಕೈಯಲ್ಲಿದ್ದ ಟಿಕೆಟ್ ಮುದ್ದೆಯಾಗಿ ಹೋಗಿತ್ತು. ಪಕ್ಕದಲ್ಲಿ ಕೂತ ಮಗಳು ನನಗೆ ಗೊತ್ತೇ ಇಲ್ಲದ ಯಾರೋ ಹುಡುಗಿಯ ಹಾಗೆ ಕಂಡಳು.

ಮನೆಯ ಹತ್ತಿರ ಬರುತ್ತಲೇ ಬಂಗಡೆ ಸಾರಿನ ಪರಿಮಳ. ಬುಧವಾರವಲ್ಲವೇ? "ಬಂದ್ರೇ? ಕೈಕಾಲು ತೊಳ್ಕಂಡು ಬನ್ನಿ. ತಾಜಾ ಬಂಗಡೆ ಸಿಕ್ತು," ಅಂದರು ಅತ್ತೆ. ನಮ್ಮ ಮುಖ ನೋಡಿ ಮುಂದೆ ಏನೂ ಕೇಳಲಿಲ್ಲ. ಬಡಿಸಿದರು.

ಶ್ರಾವಣಿ ತಲೆ ತಗ್ಗಿಸಿ ಉಂಡಳು. ನಾನು ಗುಳಿಗೆ ಮತ್ತು ನೀರಿನ ಲೋಟ ಹಿಡಿದು ಎದುರಿಗೇ ನಿಂತೆ, ಪೊಲೀಸರ ಹಾಗೆ.

"ತಗೋ. ನನ್ನ ಕಣ್ಣೆದುರು."

ಅವಳು ತಟ್ಟೆ ನೋಡಿದಳು. ಗುಳಿಗೆ ನೋಡಿದಳು. ಆಮೇಲೆ ಅಜ್ಜಿಯ ಮುಖ ನೋಡಿದಳು.

ಅಜ್ಜಿ ಸೌಟು ಬಿಸಾಕಿ ಬಂದರು. "ಎಂತ ಮಾಡೂದೇ ನೀನು? ಮೀನು ತಿಂದ ಬಾಯಿಗೆ ಔಷಧಿ ಹಾಕ್ತಾರನೇ? ಕೂಸಿನ ಜೀವ ತೆಗೀತ್ಯಾ?"

"ಎಂತ ಅತ್ತೆ?"

"ಪಥ್ಯ ಬೇಡ್ವನೇ ಔಷಧಿಗೆ?"

ಆಗ ಶ್ರಾವಣಿ, ದಡ್ಡರಿಗೆ ಲೆಕ್ಕ ಬಿಡಿಸಿ ಹೇಳುವ ಹಾಗೆ ಹೇಳಿದಳು. "ಮೀನು ತಿಂದ ದಿನ ತಗೊಳ್ಳೂದಿಲ್ಲಲ್ಲ ಆಯಿ. ಸೋಮವಾರ, ಗುರುವಾರ, ಶನಿವಾರ ತಗೊಳ್ತೇನೆ. ಒಂದು ದಿನನೂ ತಪ್ಪಿಸ್ಲಿಲ್ಲ. ಅದನ್ನೇ ಹೇಳಿದ್ದು ನಾನು, ಡಾಕ್ಟರ ಹತ್ರನೂ, ನಿನ್ನ ಹತ್ರನೂ."

ನಾನು ಬೆರಳು ಮಡಚಿ ಎಣಿಸಿದೆ.

ಸೋಮವಾರ, ಗುರುವಾರ, ಶನಿವಾರ. ನಮ್ಮ ಮನೆಯಲ್ಲಿ ಮೀನಿಲ್ಲದ ವಾರಗಳು. ಮಳೆಗಾಲದಲ್ಲಿ ದೋಣಿಗಳೆಲ್ಲ ದಡದಲ್ಲಿ. ಆಮೇಲೆ ಮೀನು ಮುಟ್ಟದ ಶ್ರಾವಣ ಮಾಸ. ಕೂಸಿಗೆ ಹುಷಾರಿಲ್ಲ ಅಂತ ಅತ್ತೆ ಒಣಮೀನನ್ನೂ ಅಟ್ಟದಿಂದ ಇಳಿಸಿರಲಿಲ್ಲ. ಹಾಗಾಗಿ ದಿನಾ ಗುಳಿಗೆ. ಚೌತಿ ಮುಗಿದ ಮೇಲೆ ಫೋನು ಮಾತ್ರ ಬಂತೇ ನಮ್ಮ ಮನೆಗೆ? ಮೀನೂ ಬಂತು!

ಅತ್ತೆಗೆ ತಲೆ ಕೆಟ್ಟಿಲ್ಲ, ಸ್ವಾಮಿ. ನನ್ನ ಮೈದುನನಿಗೆ ಸಣ್ಣವನಿದ್ದಾಗ ಕಾಮಾಲೆಯಾಗಿ ನಾಟಿ ಔಷಧಿ ಕೊಡಿಸಿದ್ದರಂತೆ. ಮೀನು ಮುಟ್ಟಿದರೆ ಔಷಧಿ ತಿರುಗುತ್ತದೆ, ವಿಷವಾಗುತ್ತದೆ ಅಂತ ಕೊಟ್ಟವರು ಹೆದರಿಸಿದ್ದರಂತೆ. ಮಗನ ಜೊತೆ ತಾವೂ ಮೀನು ಬಿಟ್ಟು ಪಥ್ಯ ಮಾಡಿಸಿದ ಹೆಂಗಸು ಅದು. ಮಗ ಉಳಿದ. ಆ ನಂಬಿಕೆ ಸುಮ್ಮನೆ ಹೋಗುತ್ತದೆಯೇ?

ಇನ್ನೂ ಒಂದಿದೆ. ಡಾಕ್ಟರ ಹತ್ತಿರ ಮೊದಲ ಸಲ ಹೋದಾಗ ಅತ್ತೆಯೂ ಜೊತೆಗಿದ್ದರು. "ಪಥ್ಯ ಉಂಟ್ರಾ?" ಅಂತ ಕೇಳಿಯೂ ಇದ್ದರು. ಡಾಕ್ಟರು ನಕ್ಕು, "ನೋಡ್ಕೊಂಡು ತಿನ್ನಿ ಅಜ್ಜಿ" ಅಂದಿದ್ದರು. ನಾನೂ ನಕ್ಕಿದ್ದೆ.

ಅಜ್ಜಿ ನೋಡಿಕೊಂಡರು. ಬಹಳ ಚೆನ್ನಾಗಿ ನೋಡಿಕೊಂಡರು.

ಕೂಡಲೇ ಡಾಕ್ಟರಿಗೆ ಫೋನು ಮಾಡಿ, ಸ್ಪೀಕರ್ ಹಾಕಿದೆ. ಪೂರ್ತಿ ಕೇಳಿಸಿಕೊಂಡ ಡಾಕ್ಟರು, "ಮೀನು ತಿನ್ಬಾರ್ದು ಅಂತ ಯಾರ್ರೀ ಹೇಳಿದ್ದು?" ಅಂದರು.

"ನೀವೇ ಅಲ್ರಾ?" ಅತ್ತೆ ಫೋನಿಗೆ ಬಾಯಿಟ್ಟರು. "ನೋಡ್ಕಂಡು ತಿನ್ನಿ ಅಂದ್ರಲ್ಲ!"

ಡಾಕ್ಟರು ಈಗ ಬೇರೆ ದನಿಯಲ್ಲಿ, ನಿಧಾನವಾಗಿ ಹೇಳಿದರು, "ಅಜ್ಜೀ, ಈ ಗುಳಿಗೆಗೆ ಮೀನಿನ ಪಥ್ಯ ಇಲ್ಲ. ಮೀನೂ ತಿನ್ಲಿ, ಗುಳಿಗೆನೂ ತಿನ್ಲಿ."

"ಬಂಗಡೆ ಅಡ್ಡಿಲ್ವಾ?"

"ಅಡ್ಡಿಲ್ಲ."

"ಶೆಟ್ಲಿ?"

"ಅಡ್ಡಿಲ್ಲ."

"ಏಡಿ ಉಷ್ಣ ಅಲ್ರಾ?"

"ಅಜ್ಜೀ, ಗುಳಿಗೆ ಮಾತ್ರ ಬಿಡ್ಬೇಡಿ. ಸಾಕು."

ಫೋನಿಟ್ಟ ಮೇಲೆ ಅತ್ತೆ ತಮ್ಮ ತಟ್ಟೆಯ ಮುಂದೆ ಕೂತರು. ಅನ್ನ ಕಲಸಲಿಲ್ಲ. ಬಾಗಿಲಾಚೆ ಬಾವಿಯ ಕಡೆ ನೋಡುತ್ತಿದ್ದರು.

"ಹಂಗಾರೆ ಅವತ್ತು ಕೂಸು ಅಲ್ಲಿ ಬಿದ್ದದ್ದು ನನ್ನಿಂದನೇ?"

ಹೌದು ಅನ್ನಲೇ? ಇಲ್ಲ ಅನ್ನಲೇ? ನೀವಾಗಿದ್ದರೆ ಏನು ಹೇಳುತ್ತಿದ್ದಿರಿ?

ಶ್ರಾವಣಿ ಮೀನಿನ ಕೈ ಹಾಗೇ ಇಟ್ಟುಕೊಂಡು, ಎಡಗೈಯಲ್ಲಿ ಗುಳಿಗೆ ಬಾಯಿಗೆ ಹಾಕಿ ನೀರು ಕುಡಿದಳು. "ಹಿಡಿದದ್ದೂ ನೀನೇ ಅಲ್ವನೇ ಅಜ್ಜಿ? ಎಷ್ಟು ಶಾಂಪೂ ಹಾಕಿದ್ರೂ ಜಡೆ ಇನ್ನೂ ಮೀನು ನಾರ್ತದೆ ಮಾರಾಯ್ತಿ."

ಅತ್ತೆ ನಗಲಿಲ್ಲ. ಸಂಜೆಯವರೆಗೂ ಮೊಮ್ಮಗಳ ಮುಖ ನೋಡುತ್ತಾ ಕೂತಿದ್ದರು, ಔಷಧಿ ಎಲ್ಲಿ ತಿರುಗುತ್ತದೋ ಅಂತ. ಈಗ ಗುಳಿಗೆ ಡಬ್ಬಿ ಅವರ ಕೈಗೇ ಹೋಗಿದೆ. ಮೀನಿರಲಿ, ಇಲ್ಲದಿರಲಿ, ಊಟವಾದ ಕೂಡಲೇ ಕೊಡುತ್ತಾರೆ. ಕೊಟ್ಟ ಮೇಲೆ ದೇವರ ಕೋಣೆಯ ಕಡೆ ಒಮ್ಮೆ ನೋಡುತ್ತಾರೆ. ಬಾವಿಗೆ ಕಬ್ಬಿಣದ ಜಾಲರಿ ಹಾಕಿಸಿದ್ದೇವೆ. ಶ್ರಾವಣಿಯ ಫೋನು ಅವಳಿಗೆ ವಾಪಸು ಕೊಟ್ಟೆ. ಆ ಬಸ್ಸಿನ ಮಾತು ವಾಪಸು ತಗೊಳ್ಳುವುದು ಹೇಗೆ ಅಂತ ಇನ್ನೂ ಗೊತ್ತಾಗಿಲ್ಲ. ಮುಂದಿನ ರಕ್ತ ಪರೀಕ್ಷೆ ಆಗುವವರೆಗೂ ಅವಳು ಬಾತ್‌ರೂಮಿನಲ್ಲಿ ಸ್ವಲ್ಪ ತಡ ಮಾಡಿದರೆ ಸಾಕು, ನಾವಿಬ್ಬರೂ ಬಾಗಿಲ ಹೊರಗೆ ನಿಂತಿರುತ್ತೇವೆ.

ಗುಳಿಗೆ ತಗೊಂಡೆಯಾ ಅಂತ ಡಾಕ್ಟರು ಕೇಳಿದರು. ಯಾಕೆ ತಗೊಳ್ಳಲಿಲ್ಲ ಅಂತ ನಾನು ಗದರಿಸಿದೆ. ಹೇಗೆ ತಗೊಳ್ಳುತ್ತೀ ಮಗಾ ಅಂತ ಒಬ್ಬರಾದರೂ ಕೇಳಿದೆವಾ? ಹುಡುಗಿ ತಾನಾಗಿ ಹೇಳಿದರೂ ಕೇಳಿಸಿಕೊಳ್ಳಲಿಲ್ಲವಲ್ಲ! (ನಿಮ್ಮ ಗುಳಿಗೆಗೆ ಪಥ್ಯ ಇದೆಯೋ ಇಲ್ಲವೋ ನನಗೆ ಗೊತ್ತಿಲ್ಲ. ನಿಮ್ಮ ಡಾಕ್ಟರನ್ನೇ ಕೇಳಿ. ನಕ್ಕರೆ ಇನ್ನೊಮ್ಮೆ ಕೇಳಿ.)

ನಿಮ್ಮ ಮನೆಯಲ್ಲೂ ಯಾರದ್ದಾದರೂ ಗುಳಿಗೆ ಹೀಗೆ ತಪ್ಪಿತ್ತಾ? ಬೈದಿರಾ, ಕೇಳಿದಿರಾ? ನನಗೆ ಬರೆಯಿರಿ. ಬರೆಯುವಾಗ, ಆ ದಿನ ಮನೆಯಲ್ಲಿ ಏನು ಅಡುಗೆಯಾಗಿತ್ತು ಅನ್ನುವುದನ್ನು ಮಾತ್ರ ಬಿಡಬೇಡಿ.