ಮಾಯಪ್ಪನ ಗಾಡಿಯೂ ಅಕ್ಕವ್ವನ ಕಲ್ಲೂ

ಅಂಕಲಿಯಿಂದ ಕೃಷ್ಣಾ ನದಿಯ ಕಡೆಗೆ ಇಳಿಯುವ ರಸ್ತೆಯ ಮಗ್ಗುಲಲ್ಲಿ ಮಾಯಪ್ಪನ ಮನೆ. ಮನೆಯ ಮುಂದೆಯೇ ವೆಲ್ಡಿಂಗ್ ಅಂಗಡಿ. ಕಬ್ಬು ಸಾಗಿಸುವ ಟ್ರೇಲರು ಮಾಡುವುದು, ಮುರಿದು ಬಂದದ್ದನ್ನು ಬೆಸೆಯುವುದು ಅವನ ಕಸುಬು. ಕೈ ಬಂಗಾರದ್ದು, ಅದರಲ್ಲಿ ಎರಡು ಮಾತಿಲ್ಲ. ಆದರೆ ಯಾರಾದರೂ ಬುದ್ಧಿ ಹೇಳಿದರೆ ಮಾತ್ರ ಮೈಮೇಲೆ ಕೆಂಪಿರುವೆ ಹತ್ತಿದವನಂತೆ ಆಡುತ್ತಿದ್ದ.

ಟ್ರೇಲರಿಗೆ ಬ್ರೇಕ್ ಇರುವುದಿಲ್ಲ. ಟ್ರ್ಯಾಕ್ಟರು ನಿಂತರೆ ಅದೂ ನಿಲ್ಲುತ್ತದೆ, ಟ್ರ್ಯಾಕ್ಟರು ಬಿಚ್ಚಿದರೆ ಗಾಲಿಗೆ ಒಂದು ಕಲ್ಲು ಕೊಡಬೇಕು. ಮಾಯಪ್ಪನ ಅಂಗಡಿಯಂತೂ ಇಳಿಜಾರಿನಲ್ಲಿತ್ತು. ನಾಲ್ಕು ಜನ ಸೇರಿ ಟ್ರೇಲರನ್ನು ಹೊರಗೆ ತಳ್ಳುವಾಗ ಅವನು "ಕಲ್ಲ ಕೊಡ!" ಎಂದು ಕೂಗುತ್ತಿದ್ದ. ಅವನ ಹೆಂಡತಿ ಅಕ್ಕವ್ವ ಎಲ್ಲಿದ್ದರೂ, ಒಲೆಯ ಮುಂದಿದ್ದರೂ, ದನದ ಕೊಟ್ಟಿಗೆಯಲ್ಲಿದ್ದರೂ, ಓಡಿ ಬಂದು ಗಾಲಿಯ ಹಿಂದೆ ಕಲ್ಲು ಇಡುತ್ತಿದ್ದಳು. ಕರಿಕಲ್ಲು ಅದು, ಒಂದು ಕಡೆ ದಪ್ಪ, ಇನ್ನೊಂದು ಕಡೆ ತೆಳ್ಳಗೆ. ಲಗ್ನವಾಗಿ ಬಂದ ವರ್ಷ ಅವಳೇ ಹೊಲದಿಂದ ಆರಿಸಿ ತಂದದ್ದು. ಇಪ್ಪತ್ತು ವರ್ಷದಲ್ಲಿ ಒಮ್ಮೆಯೂ ಅವಳು ತಡಮಾಡಲಿಲ್ಲ, ಒಂದು ಟ್ರೇಲರೂ ಹೊಳೆಗೆ ಹೋಗಲಿಲ್ಲ.

ಅಕ್ಕವ್ವನ ತವರು ನಿಪ್ಪಾಣಿ ಕಡೆಯ ಭೋಜ. ಮದುಮಗಳಾಗಿ ಅವಳು ಅಂಕಲಿಗೆ ಬಂದದ್ದೂ ಟ್ರೇಲರಿನಲ್ಲೇ, ಅದೂ ಮದುಮಗನೇ ಮಾಡಿದ ಟ್ರೇಲರು. ದಾರಿಯುದ್ದಕ್ಕೂ ಧೂಳು, ಕುಲುಕಾಟ, ಪಾಪ, ವಾಂತಿ ಬೇರೆ. ಆ ದಿನ ಮಾಯಪ್ಪ ತನ್ನ ಶಲ್ಯದಿಂದ ಅವಳ ಮುಖ ಒರೆಸುತ್ತಾ, "ಒಂದ ದಿನ ನನ್ನ ಸ್ವಂತ ಕಾರಿನ್ಯಾಗ ನಿನ್ನ ಬಾಜೂಕ ಕುಂಡ್ರಿಸ್ಕೊಂಡ ತವರಮನಿಗಿ ಒಯ್ಯತೀನಿ, ನೋಡಕೋತ ಇರು" ಎಂದಿದ್ದ. ಅವಳು ಆ ಮಾತನ್ನು ನಂಬಿದಳೋ ಇಲ್ಲವೋ, ಮರೆಯಲಂತೂ ಇಲ್ಲ. ಅವನೂ ಮರೆಯಲಿಲ್ಲ, ಆದರೆ ಮರೆತವನಂತೆ ಬದುಕಿದ.

ಮರೆಯಲು ಬಿಡದೆ ಇದ್ದವನು ಅಕ್ಕವ್ವನ ತಮ್ಮ ಉತ್ತಮ. ಹಾಲಿನ ಡೇರಿ ನಡೆಸಿ ಅನುಕೂಲಸ್ಥನಾದವನು. ಎರಡು ಸಾವಿರದ ಎಂಟರ ನಾಗರಪಂಚಮಿಗೆ ಅಕ್ಕನನ್ನು ಕರೆಯಲು ಹೊಸ ಕಾರಿನಲ್ಲಿ ಬಂದ. ಬಾಗಿಲು ತೆಗೆದು ಅಕ್ಕನನ್ನು ಮುಂದೆ ಕೂರಿಸಿ, ಸಹಜವಾಗಿ, "ಮಾಮಾ, ನೀವೂ ಬರ್ರಿ. ಹಿಂದಿನ ಸೀಟ ಖಾಲಿ ಐತಿ" ಎಂದ. ಆ ಮಾತಿನಲ್ಲಿ ತಪ್ಪೇನಿತ್ತು ಹೇಳಿ? ಏನೂ ಇರಲಿಲ್ಲ. ಆದರೂ ಮಾಯಪ್ಪನಿಗೆ ಆ ಹಿಂದಿನ ಸೀಟು ಎದೆಗೆ ಚುಚ್ಚಿತು. "ಕೆಲಸ ಐತಿ" ಎಂದು ಸುಳ್ಳು ಹೇಳಿದ. ಶ್ರಾವಣದಲ್ಲಿ ಟ್ರೇಲರಿನವನಿಗೆ ಎಲ್ಲಿಯ ಕೆಲಸ?

ಆ ತಿಂಗಳೇ ಮಿರಜದ ಟಾಯರಿನ ಅಂಗಡಿಯಲ್ಲಿ ಅವನು ಒಂದು ಕ್ಯಾಲೆಂಡರು ಕಂಡ. ಅದರಲ್ಲಿ ಒಂದು ಕೆಂಪು ಗಾಡಿ. ಬಾನೆಟ್ ಇಲ್ಲ, ಇಂಜಿನ್ನು ಬಯಲಿಗೇ ಬಿದ್ದಿದೆ, ಹಿಂದಿನ ಗಾಲಿ ದಪ್ಪ, ಮುಂದಿನವು ಸಣ್ಣ, ಮೇಲೆ ಚಾವಣಿಯೂ ಇಲ್ಲ. ಅಂಗಡಿಯವನು ಹೇಳಿದ: "ಅದಕ್ಕ ಹಾಟ್ ರಾಡ್ ಅಂತಾರ. ಅಮೇರಿಕಾದ ಮಂದಿ ಹಳೀ ಗಾಡಿ ಕಡದು, ಗುಜರಿ ಸಾಮಾನ ಕೂಡಿಸಿ ಮನ್ಯಾಗ ಮಾಡಕೋತಾರ." ಉಳಿದದ್ದೇನೂ ಮಾಯಪ್ಪನ ಕಿವಿಗೆ ಬೀಳಲಿಲ್ಲ. ಗುಜರಿ ಸಾಮಾನು, ಮನೆಯಲ್ಲೇ! ಇದು ತನಗೇ ಹೇಳಿ ಮಾಡಿಸಿದ್ದು ಅನ್ನಿಸಿತು.

ಕೈಯಲ್ಲಿ ದುಡ್ಡಿರಲಿಲ್ಲ, ಕಸುಬಿತ್ತು. ನಿಪ್ಪಾಣಿಯ ಒಂದು ತಂಬಾಕಿನ ವಖಾರಿಗೆ ಕಬ್ಬಿಣದ ಗೇಟು ಮಾಡಿಕೊಟ್ಟು, ಕೂಲಿಯ ಬದಲು ಅಲ್ಲಿ ಜಾಲಿ ಬೆಳೆದು ಮುಚ್ಚಿಹೋಗಿದ್ದ ಹಳೆಯ ಜೀಪಿನ ಚಾಸಿ ತಂದ. ಕೆಟ್ಟು ನಿಂತ ಟೆಂಪೋದ ಡೀಸೆಲ್ ಇಂಜಿನ್ನು ಸದಲಗಾದಿಂದ ಬಂತು. ಮೈಗೆ ಎಣ್ಣೆಯ ಬ್ಯಾರಲ್ಲುಗಳ ತಗಡು, ಸೀಟು ಹಳೆಯ ಬಸ್ಸಿನದು, ಬಣ್ಣ ಟ್ರೇಲರಿಗೆ ಬಳಿದು ಉಳಿದದ್ದು. ಜೀಪಿನ ಮುಂದಿನ ಅಚ್ಚು ಬಾಗಿತ್ತು. ಅದನ್ನು ತೆಗೆದೆಸೆದು ಒಂದು ಮುದಿ ಟ್ರ್ಯಾಕ್ಟರಿನ ಮುಂದಿನ ಅಚ್ಚನ್ನು ಗಾಲಿಯ ಸಮೇತ ಕೂರಿಸಿದ. ಕ್ಯಾಲೆಂಡರಿನಲ್ಲಿದ್ದ ಹಾಗೆಯೇ ಸಣ್ಣ ಗಾಲಿ! ಅಂದು ಅವನು ಕುಣಿಯುವುದೊಂದು ಬಾಕಿ. ಹಿಂದಿನ ತಗಡಿನ ಮೇಲೆ, ಟ್ರೇಲರುಗಳ ಮೇಲೆ ಹೂಬಳ್ಳಿ ಬರೆಯುವ ಹಾಗೆ ಬಳ್ಳಿ ಬರೆದು, ನಡುವೆ ದೊಡ್ಡದಾಗಿ "ಅಕ್ಕವ್ವ" ಎಂದು ಬರೆದ. ಅವಳು ನೋಡಿ, "ಮಂದಿ ನಗ್ತಾರ್ರಿ, ಅಳಸ್ರಿ" ಎಂದಳು. ಅಳಿಸಿದ್ದರೆ ಅವಳಿಗೇ ಬೇಜಾರಾಗುತ್ತಿತ್ತು, ಅದು ಅವನಿಗೂ ಗೊತ್ತಿತ್ತು.

ಯಾಕೂಬ ಚಿಕ್ಕೋಡಿಯ ಬಸ್‌ಸ್ಟ್ಯಾಂಡಿನ ಹಿಂದೆ ಬ್ರೇಕಿನ ಕೆಲಸ ಮಾಡುವವನು, ಮಾಯಪ್ಪನ ಇಪ್ಪತ್ತೈದು ವರ್ಷದ ಗೆಳೆಯ. ಗಾಡಿ ನೋಡಲು ಬಂದವನು ಸುತ್ತ ಒಂದು ಸುತ್ತು ಹಾಕಿ, ಮುಂದಿನ ಗಾಲಿಯ ಹತ್ತಿರ ಕುಕ್ಕುರುಗಾಲಲ್ಲಿ ಕೂತುಬಿಟ್ಟ.

"ಮಾಯಪ್ಪಾ, ಮುಂದಿನ ಗಾಲಿಗಿ ಬ್ರೇಕ ಎಲ್ಲೈತೋ?"

"ಟ್ರ್ಯಾಕ್ಟರಿಗಿ ಮುಂದ ಬ್ರೇಕ ಇರತೈತೇನ್ಲೇ? ಹಿಂದ ಐತಿ, ಸಾಕು."

"ಹಿಂದಿಂದ ಜೀಪಿನ ಹಳೀದು. ರಬ್ಬರ ಎಲ್ಲಾ ಸತ್ತಾವು. ಯಾವಾಗ ಎಣ್ಣಿ ಬಿಡತೈತೋ ದೇವರಿಗೇ ಗೊತ್ತು. ಹ್ಯಾಂಡ್‌ಬ್ರೇಕ?"

"ನಿಲ್ಲಿಸಿದ ಮ್ಯಾಲ ಕಲ್ಲ ಐತಲ್ಲ."

ಯಾಕೂಬ ನಕ್ಕ. "ಹಂಗಂದ್ರ ನಿನ್ನ ಗಾಡಿ ಬ್ರೇಕ ನಮ್ಮ ಅಕ್ಕವ್ವ ವೈನಿ ಅನ್ನು!" ಬಾಗಿಲಲ್ಲಿ ನಿಂತ ಅಕ್ಕವ್ವನೂ ನಕ್ಕಳು. ಆಮೇಲೆ ಯಾಕೂಬ ನಗು ನಿಲ್ಲಿಸಿ ಹೇಳಿದ: "ಗಾಡಿ ಓಡಸೂದ ಯಾವನರ ಕಲೀತಾನ ದೋಸ್ತ. ನಿಲ್ಲಸೂದ ಕಲೀಬೇಕು. ಒಂದ ಹದಿನೈದ ದಿನ ನನ್ನ ಕೈಯಾಗ ಕೊಡು."

ಅಷ್ಟು ಸಾಕಾಯಿತು. "ನಾ ಗಾಡಿ ಮಾಡಾಕತ್ತ ಇಪ್ಪತ್ತೈದ ವರ್ಷ ಆತು! ಒಂದಕ್ಕರ ಬ್ರೇಕ ಹಾಕಿನೇನು? ಒಂದರ ಹೊಳಿಗಿ ಹೋಗೈತೇನು? ನಿನ್ನ ಅಂಗಡಿಗಿ ಗಿರಾಕಿ ಇಲ್ಲ, ಅದಕ್ಕ ನನಗ ಅಂಜಸಾಕ ಬಂದೀದಿ!" ಎಂದು ಮಾಯಪ್ಪ ಅರಚಿದ. ಯಾಕೂಬ ಕೈ ಒರೆಸಿಕೊಂಡು, ಚಹಾ ಕುಡಿಯದೆ ಎದ್ದು ಹೋದ. ಅಕ್ಕವ್ವ ಕಪ್ಪು ಹಿಡಿದು ನಿಂತೇ ಇದ್ದಳು. ಅಲ್ಲಿಂದ ಮುಂದೆ ವರ್ಷಕ್ಕಿಂತ ಹೆಚ್ಚು ಕಾಲ ಗೆಳೆಯರಿಬ್ಬರಿಗೂ ಮಾತು ನಿಂತಿತು.

ಎರಡು ಸಾವಿರದ ಹನ್ನೊಂದರಲ್ಲಿ ಗಾಡಿ ಮುಗಿಯಿತು. ಪಂಚಮಿಗೆ ಎಂಟು ದಿನ ಇತ್ತು. ಮಾಯಪ್ಪ ಭೋಜಕ್ಕೆ ಫೋನು ಹಚ್ಚಿ, "ಉತ್ತಮಾ, ಈ ಸಲ ಕರಿಯಾಕ ಬರಬ್ಯಾಡ. ನಾನ ಕರಕೊಂಡ ಬರತೀನಿ" ಎಂದ. ಆ ದಿನದ ಅವನ ಮುಖ ನೋಡಬೇಕಿತ್ತು. ಅಕ್ಕವ್ವ ಟ್ರಂಕಿನಿಂದ ಸೀರೆ ತೆಗೆದು ಬಿಸಿಲಿಗೆ ಹಾಕಿದಳು.

ಮರುದಿನ ಬೆಳಿಗ್ಗೆ ಮಳೆ ನಿಂತು ಹೊರಪಾಗಿತ್ತು. ಪರೀಕ್ಷೆಗೆಂದು ಅವನು ಗಾಡಿಯನ್ನು ಹಿಮ್ಮುಖವಾಗಿ ರಸ್ತೆಗೆ ತಂದ. ಗೇರು ಬಿಡಿಸಿ ಬ್ರೇಕು ಒತ್ತಿದ. ಪೆಡಲು ಮೆತ್ತಗೆ ತಳದ ತನಕ ಹೋಯಿತು. ಇನ್ನೊಮ್ಮೆ ಒತ್ತಿದ, ಮತ್ತೆ ತಳಕ್ಕೆ. ಎಣ್ಣೆ ಎಲ್ಲಾ ಸೋರಿಹೋಗಿತ್ತು. ಗಾಡಿ ಹೊಳೆಯ ಕಡೆಗೆ ಹಿಂದಕ್ಕೆ ಉರುಳತೊಡಗಿತು. ಕೈ ಗೇರಿನ ಹಿಡಿಕೆಯ ಮೇಲೇ ಇತ್ತು. ಗೇರು ಹಾಕಿದ್ದರೆ ಸಾಕಿತ್ತು, ಇಂಜಿನ್ನೇ ಹಿಡಿದು ನಿಲ್ಲಿಸುತ್ತಿತ್ತು. ಆದರೆ ಕೈಗಿಂತ ಮೊದಲು ಬಾಯಿ ಓಡಿತು.

"ಕಲ್ಲ ಕೊಡ!"

ಅಕ್ಕವ್ವ ರೊಟ್ಟಿ ಬಡಿಯುತ್ತಿದ್ದಳು. ಹಿಟ್ಟಿನ ಕೈಯಲ್ಲೇ ಓಡಿ ಬಂದಳು, ಗೋಡೆಯ ಬುಡದ ಕಲ್ಲು ಎತ್ತಿಕೊಂಡಳು, ಹಿಂದಿನ ಗಾಲಿಗೆ ಬಗ್ಗಿದಳು. ಖಾಲಿ ಟ್ರೇಲರು ನಾಲ್ಕು ಜನರ ಕೈಯಲ್ಲಿ ಮೆಲ್ಲಗೆ ಜರುಗುವಂಥದ್ದು. ಇದು ಡೀಸೆಲ್ ಇಂಜಿನ್ನು ಹೊತ್ತ ಗಾಡಿ, ಹಿಡಿಯುವವರು ಯಾರೂ ಇಲ್ಲ. ಅವಳು ಕೈ ತೆಗೆಯುವುದರೊಳಗೆ ಗಾಲಿ ಬಂದೇ ಬಿಟ್ಟಿತು. ಗಾಡಿ ನಿಂತಿತು. ಅವಳ ಬಲಗೈ ಗಾಲಿಗೂ ಕಲ್ಲಿಗೂ ನಡುವೆ ಇತ್ತು.

ಚಿಕ್ಕೋಡಿಯ ದವಾಖಾನೆಯಲ್ಲಿ ಎರಡು ಬೆರಳು ತೆಗೆದರು. ಮೂರನೆಯದು ಉಳಿಯಿತು, ಆದರೆ ಮಡಚಲು ಬರಲಿಲ್ಲ. ಉತ್ತಮ ಭೋಜದಿಂದ ಓಡಿ ಬಂದ, ಅಕ್ಕನ ಕೈ ನೋಡಿದ, ಹೊರಗೆ ಬಂದು ಮಾಯಪ್ಪನ ಎದುರು ನಿಂತ. ಬೈದಿದ್ದರೆ ಚೆನ್ನಾಗಿತ್ತು. "ಮಾಮಾ, ನಿಮಗ ಕಾರ ಬೇಕಾಗಿತ್ತೇನ್ರಿ? ಹೇಳಿದ್ರ ನಂದ ಕೊಡತಿದ್ನಲ್ರಿ" ಎಂದಷ್ಟೇ ಹೇಳಿ ಅತ್ತುಬಿಟ್ಟ. ಯಾಕೂಬನ ಹೆಂಡತಿ ಶಬಾನಾ ದಿನವೂ ಎರಡು ಹೊತ್ತು ಡಬ್ಬಿ ತಂದಳು. ಯಾಕೂಬನೂ ಜೊತೆಗೆ ಬರುತ್ತಿದ್ದ, ಅಕ್ಕವ್ವನ ಜೊತೆ ಮಾತಾಡುತ್ತಿದ್ದ, ಮಾಯಪ್ಪನ ಕಡೆ ಮಾತ್ರ ತಿರುಗುತ್ತಿರಲಿಲ್ಲ.

ನಾಲ್ಕನೆಯ ದಿನ, ವಾರ್ಡಿನಲ್ಲಿ ಯಾರೂ ಇಲ್ಲದಾಗ, ಮಾಯಪ್ಪ ಮಂಚದ ಪಕ್ಕ ಕೂತು ಕೇಳಿದ: "ಅಷ್ಟ ಜೋರ ಬರೂದ ಕಾಣಲಿಲ್ಲೇನ ನಿನಗ? ಯಾಕ ಬಂದಿ?"

ಅವಳಿಗೆ ಆ ಪ್ರಶ್ನೆಯೇ ತಿಳಿಯಲಿಲ್ಲ. "ನೀವು ಕರದ್ರಿ. ನಾ ಬಂದ್ನಿ" ಎಂದಳು.

ಈ ಮಾತನ್ನು ಹೊತ್ತುಕೊಂಡು ಅವನು ಮನೆಗೆ ಬಂದ. ಗಾಡಿಯ ಮೇಲೆ ತಾಡಪತ್ರಿ ಮುಚ್ಚಿದ. ಅಡುಗೆಗೆ ತಾನೇ ಕೂತ. ಕಬ್ಬಿಣ ಬಗ್ಗಿಸುವ ಕೈಗೆ ಜೋಳದ ರೊಟ್ಟಿ ಬಗ್ಗಲಿಲ್ಲ. ತಟ್ಟಿದರೆ ನಡುವೆ ತೂತು, ತಿರುವಿದರೆ ಚೂರು. ಅಕ್ಕವ್ವ ಎಡಗೈಯಿಂದ ಆ ಚೂರುಗಳನ್ನೇ ಪಲ್ಯಕ್ಕೆ ಅದ್ದಿ ತಿಂದಳು. ಅವಳು ಬೈಯುವುದಿಲ್ಲ ಎಂಬುದೇ ಅವನಿಗೆ ಸಂಕಟ. ಕೆಟ್ಟ ಮೇಲೆ ಬುದ್ಧಿ ಬಂತು ಅನ್ನುತ್ತಾರಲ್ಲ, ಆ ಬುದ್ಧಿಯನ್ನು ಇಟ್ಟುಕೊಂಡು ಮಾಡುವುದೇನು? ಕಬ್ಬಿನ ಹಂಗಾಮು ಬಂತು, ಟ್ರೇಲರುಗಳು ಬಂದವು. ಹೊರಗೆ ತಳ್ಳುವಾಗ ಅವನು ಕೂಗುವುದನ್ನೇ ಬಿಟ್ಟ. ತಾನೇ ಓಡಿಹೋಗಿ ಕಲ್ಲು ಇಡುತ್ತಿದ್ದ. ಒಳಗೆ ಅಕ್ಕವ್ವ ಗಾಲಿಯ ಸಪ್ಪಳ ಕೇಳಿದೊಡನೆ ಎದ್ದು ನಿಂತು, ಕರೆ ಬಾರದ್ದಕ್ಕೆ ಮತ್ತೆ ಕೂರುತ್ತಿದ್ದಳು. ಒಂದು ದಿನ ಅದನ್ನು ಅವನು ಕಿಟಕಿಯಿಂದ ಕಂಡ.

ಹಂಗಾಮು ಮುಗಿದ ಮೇಲೆ ಅವನು ಗ್ಯಾಸ್ ಕಟರು ಹಚ್ಚಿಕೊಂಡು ತಾಡಪತ್ರಿ ಎಳೆದ. ಗಾಡಿಯನ್ನು ತುಂಡು ಮಾಡಿ ಗುಜರಿಗೆ ಹಾಕುವುದೇ ಸೈ ಎಂದು ತೀರ್ಮಾನಿಸಿದ್ದ. ಅಕ್ಕವ್ವ ಹೊರಗೆ ಬಂದು ಗಾಡಿಗೆ ಬೆನ್ನು ಹಚ್ಚಿ ನಿಂತಳು. ಇಪ್ಪತ್ತೆರಡು ವರ್ಷದಲ್ಲಿ ಅವಳು ದನಿ ಏರಿಸಿದ್ದು ಅದೇ ಮೊದಲು.

"ಏನ ಮಾಡಾಕತ್ತೀರಿ? ನನ್ನ ಬೆರಳ ಹೋಗ್ಯಾವು ಇದಕ್ಕ! ಇದನ್ನ ಗುಜರಿಗಿ ಹಾಕಿದ್ರ ನನ್ನ ಬೆರಳೂ ಗುಜರಿಗಿ ಹಾಕಿದಂಗ. ಮಾತ ಕೊಟ್ಟೀರಿ, ಭೋಜಕ್ಕ ಒಯ್ಯತೀನಿ ಅಂತ. ಒಯ್ಯಬೇಕು. ಹೋಗ್ರಿ, ಯಾಕೂಬ ಭಾಯಿನ್ನ ಕರಕೊಂಡ ಬರ್ರಿ."

ಬೆಂಕಿಯಲ್ಲಿ ಕೈ ಹಾಕು ಅಂದಿದ್ದರೆ ಮಾಯಪ್ಪ ಸುಲಭವಾಗಿ ಹಾಕುತ್ತಿದ್ದ. ಯಾಕೂಬನ ಅಂಗಡಿಗೆ ಹೋಗುವುದು ಅದಕ್ಕಿಂತ ಕಷ್ಟವಾಗಿತ್ತು. ಆದರೂ ಮುಂದಿನ ಅಚ್ಚನ್ನು ಬಿಚ್ಚಿ, ಟಮಟಮ ರಿಕ್ಷಾದಲ್ಲಿ ಹೇರಿಕೊಂಡು ಚಿಕ್ಕೋಡಿಗೆ ಹೋದ. ಅಂಗಡಿಯ ಮುಂದೆ ತಲೆ ತಗ್ಗಿಸಿ ನಿಂತ. "ತಪ್ಪಾತು ಯಾಕೂಬ" ಎಂದ.

ಯಾಕೂಬ ಹಿಡಿದ ಕೆಲಸದಿಂದ ಕಣ್ಣೆತ್ತದೆ, "ಆ ಅಚ್ಚ ಅಲ್ಲೇ ಒಗಿ. ಅದು ಉಪಯೋಗಿಲ್ಲ" ಎಂದ. ಆಮೇಲೆ ಕೈ ಒರೆಸಿಕೊಳ್ಳುತ್ತಾ, "ಚಹಾ ಕುಡೀತಿಯೋ, ಇಲ್ಲಾ ನನ್ನಂಗ ಬಿಟ್ಟ ಹೋಗಾಂವೋ?" ಎಂದ. ಮಾಯಪ್ಪ ಕೂತು ಚಹಾ ಕುಡಿದ.

ಬೇಸಿಗೆಯೆಲ್ಲಾ ಇಬ್ಬರೂ ದುಡಿದರು. ಒಂದು ಹಳೆಯ ವ್ಯಾನಿನ ಮುಂದಿನ ಅಚ್ಚು ಸಿಕ್ಕಿತು, ಬ್ರೇಕಿನ ಸಮೇತ. ಹಿಂದಿನ ಬ್ರೇಕಿನ ರಬ್ಬರು, ಪೈಪು ಎಲ್ಲಾ ಹೊಸದಾದವು. ಹ್ಯಾಂಡ್‌ಬ್ರೇಕು ಬಂತು. ಮುಂದಿನ ಗಾಲಿ ಈಗ ಕ್ಯಾಲೆಂಡರಿನಲ್ಲಿದ್ದಷ್ಟು ಸಣ್ಣಗಿರಲಿಲ್ಲ, ಇರದಿದ್ದರೆ ಇಲ್ಲ. ಯಾಕೂಬ ಗಾಡಿಯನ್ನು ಅದೇ ಇಳಿಜಾರಿನಲ್ಲಿ ಇಪ್ಪತ್ತು ಸಲ ಓಡಿಸಿ, ಇಪ್ಪತ್ತು ಸಲ ನಿಲ್ಲಿಸಿ ತೋರಿಸಿದ. ಅಕ್ಕವ್ವ ಬಾಗಿಲಲ್ಲಿ ನಿಂತು ಅಷ್ಟೂ ಸಲ ನೋಡಿದಳು.

ಎರಡು ಸಾವಿರದ ಹನ್ನೆರಡರ ಪಂಚಮಿಯ ಹಿಂದಿನ ದಿನ ಅವರು ಹೊರಟರು. ಅಕ್ಕವ್ವ ಬಿಸಿಲಿಗೆ ಹಾಕಿ ಎತ್ತಿಟ್ಟಿದ್ದ ಅದೇ ಸೀರೆ ಉಟ್ಟು ಬಂದಳು. ಗಾಡಿ ಹತ್ತುವ ಮೊದಲು ಗೋಡೆಯ ಬುಡಕ್ಕೆ ಹೋದಳು. ಎಡಗೈಯಿಂದ ಕಲ್ಲು ಎತ್ತಿ ಸೆರಗಿನಿಂದ ಒರೆಸಿ, ತಂದು ತೊಡೆಯ ಮೇಲೆ ಇಟ್ಟುಕೊಂಡು ಕೂತಳು.

"ಅದ್ಯಾಕ? ಬ್ರೇಕ ಐತಲ್ಲ ಈಗ. ಹ್ಯಾಂಡ್‌ಬ್ರೇಕೂ ಐತಿ. ನೀನ ನೋಡೀದಿ."

"ನೋಡೀನಿ. ನಡೀರಿ."

ಚಿಕ್ಕೋಡಿ ದಾಟಿದರು, ಸದಲಗಾ ದಾಟಿದರು. ಮಂದಿ ಕೈ ಬೀಸಿದರು, ಶಾಲೆಯ ಮಕ್ಕಳು ಕೇಕೆ ಹಾಕುತ್ತಾ ಬೆನ್ನಟ್ಟಿದರು. ತುಂತುರು ಮಳೆ ಬಂತು, ಹೋಯಿತು. ಅಕ್ಕವ್ವನಿಗೆ ಈ ಸಲ ವಾಂತಿಯಾಗಲಿಲ್ಲ. ಒಮ್ಮೆ ಅವಳು ನಕ್ಕದ್ದನ್ನೂ ಅವನು ಕಂಡ. ಆದರೆ ಪ್ರತಿ ಇಳಿಜಾರಿನಲ್ಲೂ ಅವಳ ಎರಡು ಬೆರಳಿಲ್ಲದ ಬಲಗೈ ಕಲ್ಲನ್ನು ಅಪ್ಪಿ ಹಿಡಿಯುತ್ತಿತ್ತು. ರಸ್ತೆ ಸಪಾಟಾದ ಮೇಲೆಯೇ ಸಡಿಲಾಗುತ್ತಿತ್ತು. ಮಾಯಪ್ಪ ಅದನ್ನು ನೋಡುತ್ತಾ, ಯಾವ ಬ್ರೇಕಿನಿಂದಲೂ ಇದು ಸರಿಹೋಗುವಂಥದ್ದಲ್ಲ ಎಂದು ತಿಳಿದುಕೊಂಡ.

ಭೋಜದಲ್ಲಿ ಉತ್ತಮನ ಮನೆಯ ಮುಂದೆ ಸಣ್ಣ ಏರು. ಗಾಡಿ ಕಂಡು ಉತ್ತಮ, ಅವನ ಹೆಂಡತಿ, ಅಕ್ಕಪಕ್ಕದವರು ಎಲ್ಲಾ ಹೊರಗೆ ಬಂದರು. "ಅಕ್ಕಾ!" ಎಂದು ಉತ್ತಮ ಓಡಿ ಬಂದ. ಮಾಯಪ್ಪ ಗಾಡಿ ನಿಲ್ಲಿಸಿ ಹ್ಯಾಂಡ್‌ಬ್ರೇಕು ಎಳೆದ. ಈ ಸಲ ಅವನು ಕರೆಯಲಿಲ್ಲ. ಅಕ್ಕವ್ವ ತಮ್ಮನ ಕಡೆ ನೋಡದೆ ಇಳಿದು, ಹಿಂದಿನ ಗಾಲಿಗೆ ಬಗ್ಗಿ, ಎಡಗೈಯಿಂದ ಕಲ್ಲು ಇಟ್ಟಳು. ಅವಳು ಎದ್ದು ನಿಂತು, ಎರಡೂ ಕೈ ಮೇಲೆತ್ತಿ ತೋರಿಸಿ "ಹೂಂ" ಅನ್ನುವ ತನಕ ಮಾಯಪ್ಪ ಬ್ರೇಕಿನ ಮೇಲಿನ ಕಾಲು ತೆಗೆಯಲಿಲ್ಲ.