ಹರವಿಯ ನೀರು

ಮಲೇರಿಯಾದ ಸೊಳ್ಳೆ ಸಾಯಿಸಲು ಡಿಡಿಟಿ ಹೊಡೆಯುವ ಪಂಪು ಹೊತ್ತು ನಾವು ಇಂಡಿ ತಾಲೂಕಿನ ಊರೂರು ತಿರುಗುತ್ತಿದ್ದ ಕಾಲ ಅದು. ಮನೆಯೊಳಗೆ ಹೊಡೆಯುವ ಮೊದಲು ಕುಡಿಯುವ ನೀರನ್ನು ಹೊರಗಿಡಿಸಬೇಕೆಂಬುದು ನಮಗಿದ್ದ ನಿಯಮ. ಹೊರ್ತಿ ಊರಿನ ಮುದುಕಿ ಗುರವ್ವ ಆಯಿಯ ಅಡುಗೆಮನೆಯಲ್ಲಿ ಕುಡಿಯುವ ನೀರಿನ ದೊಡ್ಡ ಮಣ್ಣಿನ ಹರವಿಯನ್ನು ಅರ್ಧ ನೆಲದಲ್ಲಿ ಹೂತಿದ್ದರು.

"ಇದನ್ನ ಹೆಂಗ ಹೊರಗ ತರೂದು, ತಮ್ಮಾ?" ಅಂದಳು ಆಯಿ.

ನನಗೆ ಅವಸರ. "ಇರ್ಲಿ ಬಿಡ್ರಿ ಆಯಿ. ಇದು ಸೊಳ್ಳಿಗೆ ಅಷ್ಟ ವಿಷ. ನೀರಾಗ ನಾಕ್ ಹನಿ ಬಿದ್ರೂ ಮನಷ್ಯಾರಿಗೆ ಏನೂ ಆಗೂದಿಲ್ಲ," ಎಂದು ನಮ್ಮ ಸಾಹೇಬರ ಧಾಟಿಯಲ್ಲೇ ಹೇಳಿ ಹೊಡೆದುಬಿಟ್ಟೆ.

ಕೆಲಸ ಮುಗಿಸಿ ಕಟ್ಟೆಯ ಮೇಲೆ ಕೂತೆ. ಆಯಿ ಬೆಲ್ಲ, ತಂಬಿಗೆ ತುಂಬ ನೀರು ತಂದಿಟ್ಟಳು. ನಮ್ಮ ಕಡೆ ಬೆಲ್ಲ-ನೀರು ಕೊಡದೆ ಯಾರನ್ನೂ ಕಳಿಸುವುದಿಲ್ಲ, ಕೊಟ್ಟಿದ್ದನ್ನು ಬಿಟ್ಟು ಏಳುವುದೂ ಇಲ್ಲ. ತಂಬಿಗೆಯ ನೀರಿನ ಮೇಲೆ ತೆಳ್ಳಗೆ ಬಿಳಿ ಕೆನೆ ಕಟ್ಟಿತ್ತು.

"ಹರವೀದೇನ್ರಿ?"

"ಹೌದಪಾ. ಮದಲ ನೀ ಕುಡಿ, ಆಮ್ಯಾಲ ಮೊಮ್ಮಕ್ಕಳಿಗೆ ಕುಡಸ್ತೇನಿ."

ಬೆಲ್ಲ ನುಂಗಿದೆ, ತಂಬಿಗೆ ಮುಟ್ಟಲಿಲ್ಲ. ಆಯಿ ಸೆರಗು ಬಾಯಿಗಿಟ್ಟು ನಕ್ಕಳು. ನನಗೂ ನಗು ತಡೆಯಲಾಗಲಿಲ್ಲ. ಎದ್ದು ಹರವಿ ಬರಿದು ಮಾಡಿ ತಿಕ್ಕಿದೆ. ಮೂರು ಸಲ ತೊಳೆದರೂ ವಾಸನೆ ಬಿಡಲೊಲ್ಲದು. ನಾಲ್ಕನೆಯ ಸಲಕ್ಕೆ ಆಯಿ ಮೂಸಿ ನೋಡಿ ಒಪ್ಪಿದಳು. ಬಾವಿಯಿಂದ ಎಂಟು ಕೊಡ ಹೊತ್ತು ತಂದು ತುಂಬಿಸಿದೆ.

ನಮ್ಮನ್ನು ಕಂಡರೆ ಬಾಗಿಲು ಹಾಕಿಕೊಳ್ಳುತ್ತಿದ್ದ ಓಣಿ ಆಯಿಯದು. ಮರುದಿನ ಹೋದರೆ ಎಲ್ಲ ಬಾಗಿಲೂ ತೆರೆದಿದ್ದವು. ಒಂದೊಂದು ಹೊಸ್ತಿಲ ಮುಂದೆಯೂ ಒಂದೊಂದು ಖಾಲಿ ಕೊಡ ನನಗಾಗಿ ಕಾಯುತ್ತಿತ್ತು.