ಕಾಜದಕ್ಕನ ಬೆರಳು

ಕಾಜದಕ್ಕನ ಪುಕ್ಕಲುತನ ಇಡೀ ಬೀದಿಗೆ ಗೊತ್ತು. ಯಾರಾದರೂ ಬಾಗಿಲನ್ನು ಜೋರಾಗಿ ತಟ್ಟಿದರೆ ಸಾಕು, ಜೀವ ಬಾಯಿಗೆ ಬರುತ್ತಿತ್ತು. ಶರ್ಟಿನ ಕಾರ್ಖಾನೆಯಲ್ಲಿ ಹನ್ನೊಂದು ವರ್ಷ ಗುಂಡಿ ತೂರುವ ಕಾಜ ಹೊಲಿದು ಹೊಲಿದು ಆ ಹೆಸರು ಅಂಟಿಕೊಂಡಿತ್ತು. ಅಂಥವಳು ಮಾಲೀಕನ ಮೇಲೆ ಕೇಸು ಹಾಕಿದಳೆಂದರೆ ಯಾರೂ ನಂಬಲಿಲ್ಲ. ಧೈರ್ಯದಿಂದೇನೂ ಹಾಕಿದ್ದಲ್ಲ. ಏಳು ತಿಂಗಳ ಸಂಬಳ ಕೊಡದೆ ಆಚೆ ಹಾಕಿದ ಮಾಲೀಕನಿಗಿಂತ ಬಾಡಿಗೆ ಕೇಳುವ ಮನೆಯೊಡತಿಯ ಭಯವೇ ಹೆಚ್ಚಾಗಿತ್ತು, ಅಷ್ಟೆ.

ಗೆದ್ದಳು. ಗೆದ್ದವನು ಸೋತ, ಸೋತವನು ಸತ್ತ ಎನ್ನುತ್ತಾರೆ. ಈ ಸೋತವನು ಸಾಯುವುದಿರಲಿ, ಒಂದು ಸೀನೂ ಸೀನಲಿಲ್ಲ. ಎರಡು ವರ್ಷ ನೋಟೀಸಿನ ಮೇಲೆ ನೋಟೀಸು ಹೋದರೂ ಬಿಡಿಗಾಸು ಬಿಚ್ಚಲಿಲ್ಲ. ಕೊನೆಗೆ ಅವನ ಸಾಮಾನು ಜಪ್ತಿ ಮಾಡಲು ಆದೇಶವಾಯಿತು. ಜಪ್ತಿಗೆ ಹೋಗುವ ಕೋರ್ಟಿನ ಅಮೀನ ಅವಳನ್ನು ಕರೆಸಿದ.

"ನೀವೂ ಬರ್ಬೇಕಮ್ಮ. ಯಾವ ಸಾಮಾನು ಅಂತ ಗೆದ್ದವ್ರೇ ಬೆರಳು ಮಾಡಿ ತೋರಿಸ್ಬೇಕು. ನಾನು ಬರ್ಕೊಳ್ಳೋದಷ್ಟೆ."

"ನಾನಾ? ಅವರ ಎದುರಿಗಾ?"

"ತೋರಿಸ್ದಿದ್ರೆ ಏನೂ ಸಿಗ್ಲಿಲ್ಲ ಅಂತ ಬರೆದು ವಾಪಸ್ ಕಳಿಸ್ತೀನಿ. ಮತ್ತೆ ಎರಡು ವರ್ಷ ಅಲೀರಿ."

ಅವಳ ದೊಡ್ಡ ಭಯ ಬೇರೆಯೇ ಇತ್ತು. ತಂಗಿ ಇನ್ನೂ ಅದೇ ಕಾರ್ಖಾನೆಯಲ್ಲಿ ಶರ್ಟಿನ ತೋಳು ಹೊಲಿಯುತ್ತಿದ್ದಳು. ಅಕ್ಕತಂಗಿಯರ ಒಂದು ಕೋಣೆಯ ಸಂಸಾರ ನಡೆಯುತ್ತಿದ್ದುದು ಅವಳು ತಂದುಕೊಡುವ ದುಡ್ಡಿನಿಂದ. ಜಪ್ತಿಯ ವಿಷಯ ಅವಳಿಗೆ ಹೇಳಲು ಕಾಜದಕ್ಕನಿಗೆ ಬಾಯೇ ಬರಲಿಲ್ಲ.

ಕಾರ್ಖಾನೆಯ ಬಾಗಿಲಲ್ಲಿ ಅಮೀನನ ಬೆನ್ನ ಹಿಂದೆ ಸರಿದುಕೊಂಡಳು. ಒಳಗೆ ಅದೇ ಎಣ್ಣೆಯ ವಾಸನೆ. ಅಮೀನನನ್ನು ಕಂಡು ಮಷೀನುಗಳ ಸದ್ದು ಒಂದೊಂದಾಗಿ ನಿಂತಿತು. ಮಾಲೀಕ ನಗುತ್ತ ಬಂದ.

ಮಷೀನುಗಳೆಲ್ಲ ಗುಜರಿಗೆ ಹಾಕುವಂಥವು. ಬಾಕಿಗೆ ಸಾಲುವಂಥದ್ದು ಒಂದೇ, ಕಿಟಕಿ ಪಕ್ಕದ ಹೊಸದು. ನಿನ್ನೆಯವರೆಗೆ ಮೂಲೆಯಲ್ಲಿದ್ದ ತಂಗಿಯನ್ನು ಇವತ್ತು ಬೇಕೆಂದೇ ಅದರ ಮುಂದೆ ಕೂರಿಸಿದ್ದ, ಖದೀಮ.

"ತೋರ್ಸಮ್ಮ, ತೋರ್ಸು," ಎಂದ. "ಮಷೀನು ಹೋದ್ರೆ ಅದರ ಮುಂದೆ ಕೂತೋಳಿಗೂ ಕೆಲ್ಸ ಇರಲ್ಲ. ಯೋಚ್ನೆ ಮಾಡು."

ಬೆರಳು ಮುಷ್ಟಿಯಿಂದ ಹೊರಗೆ ಬರಲೇ ಇಲ್ಲ. ಅಮೀನ ಗಡಿಯಾರ ನೋಡಿದ.

"ಏನೂ ಇಲ್ಲ ಅಂತ ಬರೀಲಾ?"

ಹೂಂ ಎನ್ನಲು ಬಾಯಿ ತೆರೆದಳು. ಅಷ್ಟರಲ್ಲಿ ತಂಗಿ ತಲೆಯೆತ್ತದೆ ದಾರ ಕತ್ತರಿಸಿದಳು. ಅರ್ಧ ಹೊಲಿದ ತೋಳನ್ನು ಸೂಜಿಯ ಕೆಳಗಿಂದ ಎಳೆದು ಮಡಚಿಟ್ಟು, ಎದ್ದು ಪಕ್ಕಕ್ಕೆ ನಿಂತಳು.

"ಅಕ್ಕಾ, ನಂಗೂ ನಾಲ್ಕು ತಿಂಗಳಿಂದ ಸಂಬಳ ಕೊಟ್ಟಿಲ್ಲ. ಸಾಲ ಮಾಡಿ ತಂದ್ಕೊಡ್ತಿದ್ದೆ. ನೀನು ಹೆದರ್ಕೋತೀಯ ಅಂತ ಹೇಳ್ಲಿಲ್ಲ."

ಕಾಜದಕ್ಕನ ಭಯ ಹೋಗಲಿಲ್ಲ, ಇಮ್ಮಡಿಯಾಯಿತು. ನಡುಗುವ ಬೆರಳನ್ನೇ ಎತ್ತಿ ಕಿಟಕಿಯ ಕಡೆ ಚಾಚಿದಳು.

"ಅದೇ. ಬರ್ಕೊಳ್ಳಿ," ಎಂದಳು.